ಆಟೊಮೇಷನ್ ಲಾಗ್ ಮೊದಲಿನಿಂದಲೇ ಮುಚ್ಚಿರಬೇಕೇ?

ಪರ

ಬಳ್ಳಾರಿಯ ಒಂದು ಜೀನ್ಸ್ ಘಟಕದ ಸರ್ವರ್‌ಗಳನ್ನು ನಾವು ಮೂವರು ನೋಡಿಕೊಳ್ಳುತ್ತೇವೆ. ಸರ್ವರ್‌ಗಳ ಕೆಲಸವನ್ನು ತಾನಾಗಿಯೇ ಮಾಡಿಸುವ ಸಾಧನ ಆನ್ಸಿಬಲ್; ಅದಕ್ಕೆ ಕೊಡುವ ಕೆಲಸದ ಪಟ್ಟಿ ಪ್ಲೇಬುಕ್, ಪಟ್ಟಿಯ ಒಂದೊಂದು ಕೆಲಸ ಟಾಸ್ಕ್, ನಡೆದದ್ದರ ದಾಖಲೆ ಲಾಗ್. ಒಂದು ಸಂಜೆ ಪ್ಲೇಬುಕ್ ಕೈಕೊಟ್ಟಿತು. ನಮ್ಮ ಹುಡುಗ ಪರದೆ ಮೇಲೆ ಬಂದಿದ್ದನ್ನೆಲ್ಲ ಕಾಪಿ ಮಾಡಿ ಘಟಕದ ವಾಟ್ಸಾಪ್ ಗುಂಪಿಗೆ ಹಾಕಿದ. "ಅಣ್ಣಾ, ಏನ್ ತಪ್ಪಾಗೈತಿ ನೋಡ್ರಿ" ಅಂತ ಕೆಳಗೆ ಬರೆದಿದ್ದ. ನಡುವಿನ ಒಂದು ಸಾಲಿನಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಇತ್ತು. ಕಟಿಂಗ್ ಮಾಸ್ಟರ್‌ನಿಂದ ಲಾರಿ ಬುಕಿಂಗ್‌ನವರ ತನಕ ಎಲ್ಲರೂ ಆ ಗುಂಪಿನಲ್ಲಿದ್ದರು.

ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಪಾಸ್‌ವರ್ಡನ್ನು ಅವನು ಆನ್ಸಿಬಲ್‌ನ ಗುಟ್ಟಿನ ಪೆಟ್ಟಿಗೆಯಾದ ವಾಲ್ಟ್‌ನಲ್ಲೇ ಇಟ್ಟಿದ್ದ. ವಾಲ್ಟ್ ಫೈಲಿಗೆ ಬೀಗ ಹಾಕುತ್ತದೆ, ನಿಜ. ಆದರೆ ಕೆಲಸ ನಡೆಯುವಾಗ ಆ ಬೀಗ ತೆಗೆಯಲೇಬೇಕು ಅಲ್ವಾ? ಆಮೇಲೆ ಅದು ಲಾಗಿಗೆ ಬರದಂತೆ ತಡೆಯಲು ಟಾಸ್ಕಿನಲ್ಲಿ 'ನೋ_ಲಾಗ್: ಟ್ರೂ' ಅಂತ ಬರೆಯಬೇಕು. ಆ ಒಂದು ಸಾಲು ಮರೆತಿದ್ದ, ಅಷ್ಟೇ.

ಸಿವಿಇ ಅಂದರೆ ಸಾಫ್ಟ್‌ವೇರ್ ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿ. ಅದರಲ್ಲಿ 2024ರ ಸಿವಿಇ-2024-8775 ಹೇಳುವುದೂ ಇದನ್ನೇ. ವಾಲ್ಟ್‌ನ ಗುಟ್ಟನ್ನು ಇನ್‌ಕ್ಲೂಡ್_ವಾರ್ಸ್ (ಫೈಲಿನಿಂದ ಮಾಹಿತಿ ತರುವ ಟಾಸ್ಕ್) ಓದುವಾಗ ನೋ_ಲಾಗ್ ಇಲ್ಲದಿದ್ದರೆ ಅದು ಲಾಗಿನಲ್ಲಿ ಕಾಣುತ್ತದೆ. ಅದೇ ವರ್ಷದ ಸಿವಿಇ-2024-0690 ನನಗೆ ಜಾಸ್ತಿ ಬೇಸರ ತಂದಿತು. ಎಲ್ಲ ಟಾಸ್ಕಿಗೂ ಒಮ್ಮೆಲೇ ಅನ್ವಯಿಸುವ ಆನ್ಸಿಬಲ್_ನೋ_ಲಾಗ್ ಸೆಟ್ಟಿಂಗ್ ಹಾಕಿದ್ದರೂ, ಲೂಪಿನ (ಒಂದೇ ಟಾಸ್ಕನ್ನು ಮತ್ತೆ ಮತ್ತೆ ಓಡಿಸುವಾಗಿನ) ಐಟಂಗಳಂಥವು ಕೆಲವು ಕಡೆ ಕಾಣುತ್ತಲೇ ಇದ್ದವು. ಎಚ್ಚರವಾಗಿದ್ದವರಿಗೂ ಹೀಗಾದರೆ ಹೊಸಬರ ಗತಿ ಏನು? ಲಾಗ್ ಮುಚ್ಚಿಯೇ ಇರಲಿ. ನೋಡಬೇಕಾದವರು ತೆರೆದುಕೊಳ್ಳಲಿ.

ವಿರೋಧ

ಆ ಗುಂಪಿನಲ್ಲಿ ನಾನೂ ಇದ್ದೆ. ಅಂದು ರಾತ್ರಿ ಪಾಸ್‌ವರ್ಡ್ ಬದಲಿಸಿದವನು ನಾನೇ. ಅದರ ಮರುದಿನವೇ ನಾವು ಎಲ್ಲ ಟಾಸ್ಕಿಗೂ ನೋ_ಲಾಗ್ ಹಾಕಿದೆವು. ಮುಂದಿನದನ್ನು ನನ್ನ ಗೆಳೆಯರು ಬರೆದಿಲ್ಲ.

ಮುಂದಿನ ವಾರ ಒಂದು ಸರ್ವರ್‌ನಲ್ಲಿ ಕೆಲಸ ಕೆಟ್ಟಿತು. ಬೆಳಗಿನ ಶಿಫ್ಟಿಗೆ ಬಿಲ್ ಹೊಡೆಯಬೇಕಿತ್ತು. ಪರದೆ ಮೇಲೆ ಬಂದಿದ್ದು ಒಂದೇ ಮಾತು: ನೋ_ಲಾಗ್ ಇರುವುದರಿಂದ ವಿವರ ಮರೆಮಾಡಿದೆ. ಡಿಸ್ಕ್ ತುಂಬಿತ್ತು, ಇಷ್ಟೇ ಕಾರಣ. ಅದು ಗೊತ್ತಾಗಲು ಎರಡು ತಾಸು ಹಿಡಿಯಿತು. ಕೊನೆಗೆ ಸಾಕಾಗಿ, ಆ ಪ್ಲೇಬುಕ್‌ನಲ್ಲಿದ್ದ ನೋ_ಲಾಗ್ ಸಾಲುಗಳನ್ನೆಲ್ಲ ತೆಗೆದುಹಾಕಿ ಮತ್ತೆ ಓಡಿಸಿದೆ. ಡಿಸ್ಕಿನ ದೂರಿನ ಜೊತೆ ಹೊಸ ಪಾಸ್‌ವರ್ಡೂ ಲಾಗಿಗೆ ಬಂತು.

ಎಲ್ಲವನ್ನೂ ಮುಚ್ಚಿದರೆ ಅವಸರದಲ್ಲಿ ಎಲ್ಲವನ್ನೂ ತೆರೆಯುತ್ತೇವೆ. ಮೇಲಾಗಿ ತಪ್ಪು ಹುಡುಕಲು ಆನ್ ಮಾಡುವ ಡೀಬಗ್ ಔಟ್‌ಪುಟ್‌ಗೆ ನೋ_ಲಾಗ್ ತಾಗುವುದಿಲ್ಲ. ಮುಚ್ಚಿದೆ ಅಂತ ಸುಮ್ನೆ ನಂಬಿ ಕೂತವರು ಅಲ್ಲಿ ಸಿಕ್ಕಿಬೀಳುತ್ತಾರೆ.

ಮುಚ್ಚಬೇಕಾದ್ದು ಗುಟ್ಟನ್ನು, ಇಡೀ ಲಾಗನ್ನಲ್ಲ. ಮಾಡ್ಯೂಲ್ (ಟಾಸ್ಕಿನ ಕೆಲಸ ಮಾಡುವ ಪುಟ್ಟ ಪ್ರೋಗ್ರಾಂ) ಬರೆಯುವವರು 'ಇದು ಗುಟ್ಟು' ಅಂತ ಒಂದು ಪ್ಯಾರಾಮೀಟರನ್ನು, ಅಂದರೆ ಅದಕ್ಕೆ ಕೊಡುವ ಒಂದು ಮಾಹಿತಿಯನ್ನು, ಗುರುತು ಮಾಡಿದರೆ ಅದರಲ್ಲಿ ತುಂಬಿದ್ದೊಂದೇ ಮರೆಯಾಗುತ್ತದೆ, ಉಳಿದ ದೂರು ಓದಲು ಸಿಗುತ್ತದೆ. ಆನ್ಸಿಬಲ್‌ನಲ್ಲಿ ಈ ಅನುಕೂಲ ಈಗಾಗಲೇ ಇದೆ. ಲೂಪಿನಲ್ಲಿ ಇಡೀ ಐಟಂ ಬದಲು ಹೆಸರಷ್ಟೇ ತೋರಿಸಲು ಲೇಬಲ್ ಇದೆ. ಪಾಸ್‌ವರ್ಡ್ ಮುಟ್ಟುವ ನಾಲ್ಕೈದು ಟಾಸ್ಕಿಗೆ ಮಾತ್ರ ನೋ_ಲಾಗ್ ಸಾಕು.

ಅಂದು ತೆಗೆದ ಸಾಲುಗಳನ್ನು ನಾನು ವಾಪಸ್ ಹಾಕಿದ್ದು ಹತ್ತು ದಿನದ ಮೇಲೆ.