'ನೋ ಸೆ ತು': ಬೊಲೆರೊ ಕೆಟ್ಟಿದ್ದಲ್ಲ, ಉಳಿದಿದ್ದು

ಹಳೆ ಧಾಟಿಯ ಹಾಡು ಪಾಪ್ ಗಾಯಕರ ಕೈಗೆ ಸಿಕ್ಕರೆ ಕೆಟ್ಟುಹೋಗುತ್ತೆ ಅನ್ನುವವರು ಎಲ್ಲ ಕಡೆಯೂ ಇದ್ದಾರೆ. ಬೊಲೆರೊ ಅಂದರೆ ಸ್ಪ್ಯಾನಿಷ್ ಭಾಷೆಯ ನಿಧಾನ ಧಾಟಿಯ ಪ್ರೇಮಗೀತೆ. ಅದರ ವಿಷಯ ಬಂದಾಗ ಅವರ ಕಣ್ಣು ಮೊದಲು ಹೋಗೋದು ಮೆಕ್ಸಿಕೋದ ಲೂಯಿಸ್ ಮಿಗೆಲ್ ಮೇಲೆ. ನಾನಂತೂ ಪೂರ್ತಿ ಲೂಯಿಸ್ ಮಿಗೆಲ್ ಪರ. ಅದಕ್ಕೆ ಅವರು ಹಾಡಿದ 'ನೋ ಸೆ ತು' ಒಂದೇ ಸಾಕು.

1991ರಲ್ಲಿ ಅವರಿಗೆ 21 ವರ್ಷ. ಹದಿಹರೆಯದವರು ಮುಗಿಬೀಳುತ್ತಿದ್ದ ಪಾಪ್ ತಾರೆ. ರೆಕಾರ್ಡ್ ಕಂಪನಿಗೆ ಆಲ್ಬಮ್ ಕೊಡುವ ಗಡುವು ಹತ್ತಿರ ಬಂದಿತ್ತು. ಬೊಲೆರೊ ಹಾಡೋಣ ಅಂತ ಸೂಚಿಸಿದ್ದು ಅವರ ಮ್ಯಾನೇಜರ್. ಬೊಲೆರೊ ಹುಟ್ಟಿದ್ದು 19ನೇ ಶತಮಾನದ ಕೊನೆಗೆ, ಕ್ಯೂಬಾದ ಸಾಂತಿಯಾಗೊದಲ್ಲಿ. ಆಮೇಲೆ ಮೆಕ್ಸಿಕೋಗೆ ಬಂದು ರೇಡಿಯೋ ಕಾಲದಲ್ಲಿ ಮನೆಮನೆ ಸೇರಿತು. 1991ರ ಹೊತ್ತಿಗೆ ಅದು ಅಜ್ಜ ಅಜ್ಜಿಯರ ಹಾಡು. ಅದನ್ನು ಹಾಡೋಕೆ ಆ ವಯಸ್ಸಿನ ತಾರೆಗೆ ಧೈರ್ಯ ಬೇಕಿತ್ತು.

ಜೊತೆಗೆ ನಿಂತವರು ಮೆಕ್ಸಿಕೋದ ಹಾಡುಗಾರ, ಹಾಡು ಬರೆಯುವ ಅರ್ಮಾಂದೊ ಮಾನ್ಸನೇರೊ. 'ನೋ ಸೆ ತು' ಬರೆದವರೂ ಅವರೇ. ಈ ಹಾಡಿನ ಮಾತುಗಳು ನನಗೆ ತುಂಬ ಇಷ್ಟ. ನಿನ್ನ ವಿಷಯ ನನಗೆ ಗೊತ್ತಿಲ್ಲ, ನನಗಂತೂ ನಿನ್ನ ನೆನಪು ಬಿಡ್ತಾ ಇಲ್ಲ ಅಂತ ಶುರುವಾಗುತ್ತೆ. ದಿಂಬಿಗೆ ತಲೆ ಕೊಟ್ಟಾಗ ನೆನಪಾಗ್ತೀಯ, ಗೆಳೆಯರ ಮಧ್ಯೆ ಇದ್ದಾಗ ನೆನಪಾಗ್ತೀಯ, ಬೀದಿಯಲ್ಲಿ ಒಬ್ಬನೇ ಹೋಗುವಾಗಲೂ ನೆನಪಾಗ್ತೀಯ. ರಾತ್ರಿ ನಿದ್ದೆ ಬರಲ್ಲ. ಇಷ್ಟೇ. ಚಂದ್ರ ಇಲ್ಲ, ಹೂವಿಲ್ಲ, ಪ್ರಾಣ ಕೊಡ್ತೀನಿ ಅನ್ನುವ ಆಣೆ ಇಲ್ಲ. ಕೊನೆಗೆ ಮತ್ತೆ ಅದೇ ಮಾತು: ನಿನ್ನ ವಿಷಯ ಗೊತ್ತಿಲ್ಲ. ಅವಳ ಉತ್ತರ ಹಾಡಿನಲ್ಲಿ ಎಲ್ಲೂ ಬರೋದಿಲ್ಲ. ಪ್ರೀತಿಸಿದವರಿಗೆಲ್ಲ ಈ ಸಂಕಟ ಗೊತ್ತು, ಅಲ್ವಾ?

ಈಗ ಆಕ್ಷೇಪಕ್ಕೆ ಬರೋಣ. 1944ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ, ಬೊಲೆರೊಗೆ ಹೆಸರಾದ ಲೋಸ್ ಪಾಂಚೋಸ್ ತಂಡದಲ್ಲಿ ಇದ್ದವರು ಮೂರೇ ಜನ. ಮೂರು ಕಂಠ, ಗಿಟಾರು, ಅದರಲ್ಲೊಂದು ಮೇಲಿನ ಸ್ವರದಲ್ಲಿ ನುಡಿಯುವ ರೆಕಿಂತೊ ಎಂಬ ಚಿಕ್ಕ ಗಿಟಾರು. ಆ ಸರಳತೆ ಎಲ್ಲಿ, ಬೆಬು ಸಿಲ್ವೆಟಿ ಸಂಯೋಜಿಸಿದ ಈ ವಯಲಿನ್ ಮೇಳ ಎಲ್ಲಿ ಅಂತ ಕೇಳ್ತಾರೆ. ವಯಲಿನ್ ಜಾಸ್ತಿ ಇದೆ, ನಿಜ. ಆದರೆ ಬೊಲೆರೊದ ಜೀವ ಇರೋದು ಅದರ ನಿಧಾನದಲ್ಲಿ. ಆ ನಿಧಾನವನ್ನು ಇಲ್ಲಿ ಯಾರೂ ಮುಟ್ಟಿಲ್ಲ. ಮಾರುಕಟ್ಟೆಗೆ ಹೆದರಿ ಡ್ರಮ್ ಬಡಿದು ಕುಣಿಸಬಹುದಿತ್ತು. ಕುಣಿಸಲಿಲ್ಲ. ಲೂಯಿಸ್ ಮಿಗೆಲ್‌ದು ಎಷ್ಟು ಎತ್ತರಕ್ಕೆ ಬೇಕಾದರೂ ಏರುವ ಗಂಟಲು. ಇಲ್ಲಿ ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಶುರು ಮಾಡ್ತಾರೆ. ಹಾಡು ಮುಂದೆ ಹೋದ ಹಾಗೆ ಮಾತ್ರ ಕಂಠ ಬಿಚ್ಚಿಕೊಳ್ಳುತ್ತೆ. ಅಷ್ಟು ಹೊತ್ತು ತಡೆದು ಹಿಡಿದಿದ್ದಕ್ಕೇ ಅದು ಎದೆಗೆ ನಾಟುತ್ತೆ.

ಈ ಹಾಡಿರುವ 'ರೊಮಾನ್ಸೆ' ಆಲ್ಬಮ್ ಬಂದಿದ್ದು 1991ರ ನವೆಂಬರ್‌ನಲ್ಲಿ. ಮೊದಲ ಸಿಂಗಲ್ 'ಇನೊಲ್ವಿದಾಬ್ಲೆ', ಕ್ಯೂಬಾದ ಹೂಲಿಯೊ ಗುತಿಯೆರೆಸ್ 1944ರಲ್ಲಿ ಬರೆದ ಹಾಡು. 1992ರ ಆರಂಭದಲ್ಲಿ 'ನೋ ಸೆ ತು' ಬಿಡುಗಡೆಯಾಗಿ, ಅಮೆರಿಕದ ಬಿಲ್‌ಬೋರ್ಡ್ ಲ್ಯಾಟಿನ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಆಲ್ಬಮ್ ಸುಮಾರು 70 ಲಕ್ಷ ಪ್ರತಿ ಮಾರಾಟವಾಯಿತು. ಆಮೇಲೆ 1994, 1997, 2001ರಲ್ಲಿ ಇನ್ನೂ ಮೂರು ಬೊಲೆರೊ ಆಲ್ಬಮ್ ಬಂದವು. ಕೆಡಿಸಿದ್ದು ಅನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು. ಅಜ್ಜಿಯ ಹಾಡನ್ನು ಮೊಮ್ಮಕ್ಕಳು ಅಂಗಡಿಗೆ ಹೋಗಿ ದುಡ್ಡು ಕೊಟ್ಟು ತಂದರು.

ನನಗೆ ಬೇಜಾರಿರೋದು ಬೇರೆ ವಿಷಯಕ್ಕೆ. ಈ ಹಾಡು ಕೇಳುವ ಎಷ್ಟೋ ಜನರಿಗೆ ಮಾನ್ಸನೇರೊ ಹೆಸರೇ ಗೊತ್ತಿಲ್ಲ. ಯುಕತಾನ್‌ನ ಮೆರಿದಾದಲ್ಲಿ 1935ರಲ್ಲಿ ಹುಟ್ಟಿದವರು. 2020ರ ಡಿಸೆಂಬರ್‌ನಲ್ಲಿ ಕೋವಿಡ್ ಅವರನ್ನು ಕರೆದುಕೊಂಡು ಹೋಯಿತು. ಮೂರು ವರ್ಷದ ನಂತರ, 2023ರಲ್ಲಿ, ಯುನೆಸ್ಕೋ ಕ್ಯೂಬಾ ಮತ್ತು ಮೆಕ್ಸಿಕೋದ ಬೊಲೆರೊವನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಅವರು ಅದನ್ನು ನೋಡಬೇಕಿತ್ತು.

ಲೂಯಿಸ್ ಮಿಗೆಲ್‌ಗಿಂತ ಮೊದಲೇ ಮಾನ್ಸನೇರೊ ಈ ಹಾಡನ್ನು ತಾವೇ ಹಾಡಿದ್ದರು. ದೊಡ್ಡ ಕಂಠವೇನಲ್ಲ. ಸ್ವಲ್ಪ ಒರಟು, ಆದರೆ ತುಂಬ ಆಪ್ತ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಯಾವುದು ಹಿಡಿಸಿತು ಅಂತ ಕಾಮೆಂಟಿನಲ್ಲಿ ಬರೆಯಿರಿ.