ಮೂರು ಪ್ಲಗ್ಗು, ಆರು ದಾರಿ

ನಮ್ಮ ಕಾರು ನಮ್ಮ ಜಿಲ್ಲೆಗಿಂತ ಹಿರಿಯದು. ಕೊಪ್ಪಳ ಜಿಲ್ಲೆಯಾಗಿದ್ದು 1997ರಲ್ಲಿ. ನಮ್ಮ ಮಾರುತಿ 800 ರಸ್ತೆಗಿಳಿದದ್ದು 1995ರಲ್ಲಿ. ಹಾಗಾಗಿ ಜೀವಮಾನವೆಲ್ಲ ಕೊಪ್ಪಳದಲ್ಲೇ ಓಡಿದರೂ ನಂಬರ್ ಪ್ಲೇಟಿನ ಮೇಲೆ ಇವತ್ತಿಗೂ ಕೆಎ 36, ಅಂದ್ರೆ ರಾಯಚೂರು. ಮನೆಯಲ್ಲಿ ಅದಕ್ಕೆ ಹಿರಿಯರ ಮರ್ಯಾದೆಯೇ ಇದೆ. ಬೆಳಿಗ್ಗೆ ಎಬ್ಬಿಸುವಾಗ ಯಾರೂ ಜೋರು ಮಾಡುವುದಿಲ್ಲ.

ಈ ಏಪ್ರಿಲ್‌ನಲ್ಲಿ, ಹುಣ್ಣಿಮೆಗೆ ಎರಡು ದಿನ ಇದೆ ಅನ್ನುವಾಗ ಅದು ಕೆಮ್ಮಲು ಶುರು ಮಾಡಿತು. ಅದರ ಹೊಟ್ಟೆಯಲ್ಲಿ ಇರುವುದೇ ಮೂರು ಸಿಲಿಂಡರ್. ಮೂರು ಕಾಲಿನ ಸ್ಟೂಲಿಗೆ ಒಂದು ಕಾಲು ಮುರಿದರೆ ಹೇಗೋ ಹಾಗೆ, ಒಂದು ಸಿಲಿಂಡರ್ ಕೈಕೊಟ್ಟರೆ ಇಡೀ ಗಾಡಿ ಕುಂಟುತ್ತದೆ. ಅತ್ತೆಯವರನ್ನು ಮುನಿರಾಬಾದ್ ರೈಲು ನಿಲ್ದಾಣದ ಹತ್ತಿರದ ಹುಲಿಗಿಗೆ, ಹುಲಿಗೆಮ್ಮನ ದರ್ಶನಕ್ಕೆ ಕಾರಿನಲ್ಲೇ ಕರೆದುಕೊಂಡು ಹೋಗುತ್ತೇನೆ ಅಂತ ಮಾತು ಕೊಟ್ಟಾಗಿತ್ತು. ಮೆಕ್ಯಾನಿಕ್ ಹುಣ್ಣಿಮೆ ಮುಗಿಯಲಿ ಅಂದ. ಸಿಲಿಂಡರಿನಲ್ಲಿ ಪೆಟ್ರೋಲಿಗೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಬದಲಾಯಿಸೋದು ಏನು ಮಹಾ, ಬಲ್ಬ್ ಬದಲಾಯಿಸಿದ ಹಾಗೆ ಅಲ್ವಾ ಅಂತ ನಾನೇ ಮೂರು ಹೊಸ ಪ್ಲಗ್ ತಂದೆ.

ಎಂಜಿನ್ ತಣ್ಣಗಿರುವಾಗಲೇ ಪ್ಲಗ್ ಬಿಚ್ಚಬೇಕಂತೆ. ಪ್ಲಗ್ ಕೂರುವ ಎಂಜಿನ್ನಿನ ಮೇಲ್ಭಾಗ, ಅಂದ್ರೆ ಹೆಡ್, ಅಲ್ಯೂಮಿನಿಯಂ, ಬಿಸಿಯಲ್ಲಿ ಬಿಚ್ಚಲು ಹೋದರೆ ತೂತಿನ ತಿರುಪಿನ ಗೆರೆಗಳೇ ಕಿತ್ತುಬರುತ್ತವೆ. ಕೊಪ್ಪಳದ ಏಪ್ರಿಲ್‌ನಲ್ಲಿ ತಣ್ಣಗಿನ ಎಂಜಿನ್ ಬೇಕೆಂದರೆ ಬೆಳಿಗ್ಗೆ ಆರಕ್ಕೇ ಏಳಬೇಕು. ಎದ್ದೆ.

ಬಾನೆಟ್ ಎತ್ತಿದ ಸದ್ದಿಗೆ ಪಕ್ಕದ ಮನೆಯ ಕಾಕಾ ಚಹಾದ ಲೋಟ ಹಿಡಿದೇ ಬಂದರು. ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದವರು. ನನಗೆ ಧೈರ್ಯ ಬಂತು. ಅವರು ಬಗ್ಗಿ ನೋಡಿ, "ಪ್ಲಗ್ ಅಂದ್ರ ಇದರಾಗ ಯಾವುದ್ರೀ?" ಅಂದರು. ಅವರು ಓಡಿಸಿದ ಬಸ್ಸುಗಳದ್ದು ಡೀಸೆಲ್ ಎಂಜಿನ್. ಅದಕ್ಕೆ ಸ್ಪಾರ್ಕ್ ಪ್ಲಗ್ ಇರುವುದೇ ಇಲ್ಲ, ಗಾಳಿಯನ್ನು ಒತ್ತಿ ಒತ್ತಿ ಬಂದ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಅಂದರೆ ನಮ್ಮ ಓಣಿಯ ಅತಿ ದೊಡ್ಡ ವಾಹನ ಪಂಡಿತರು ಜನ್ಮದಲ್ಲಿ ಪ್ಲಗ್ ಮುಟ್ಟಿದವರಲ್ಲ. ಹಾಗಂತ ಸಲಹೆ ಕೊಡುವುದನ್ನೇನೂ ನಿಲ್ಲಿಸಲಿಲ್ಲ.

ಹಳೆಯ ಪ್ಲಗ್‌ಗಳನ್ನು ಬಿಚ್ಚಿದೆ. ಎರಡರ ಮೂತಿ ಬಿಸ್ಕತ್ತಿನ ಬಣ್ಣ. ಅದು ಆರೋಗ್ಯದ ಲಕ್ಷಣ. ಮೂರನೆಯದು ಕಪ್ಪಗೆ, ಪೆಟ್ರೋಲಿನಲ್ಲಿ ಒದ್ದೆ. ಸಿಕ್ಕಿಬಿದ್ದ ಕಳ್ಳ ಅಂದುಕೊಂಡೆ. ಹೊಸದನ್ನು ಪಾನಾಕ್ಕೆ ಸಿಕ್ಕಿಸಿ ಎತ್ತಿದೆ. ಪಾನಾದ ಒಳಗೆ ಪ್ಲಗ್ ಹಿಡಿದುಕೊಳ್ಳುವ ಒಂದು ರಬ್ಬರ್ ಇರಬೇಕು. ನನ್ನ ಪಾನಾದಲ್ಲಿ ಅದು ಯಾವ ಕಾಲದಲ್ಲಿ ಉದುರಿತ್ತೋ. ಪ್ಲಗ್ ನೇರ ಅಂಗಳದ ಬಂಡೆಯ ಮೇಲೆ, ತಲೆಕೆಳಗಾಗಿ. ಎತ್ತಿ ನೋಡಿದರೆ ತುದಿಯ ಕೊಕ್ಕು ಒಳಗೆ ಬಾಗಿ ಬಾಯಿ ಮುಚ್ಚಿಕೊಂಡಿತ್ತು. ಅಲ್ಲಿ 0.7ರಿಂದ 0.8 ಮಿಲಿಮೀಟರ್ ಸಂದು ಬೇಕು, ಆ ಸಂದಿನಲ್ಲೇ ಕಿಡಿ ಹಾರುವುದು. ಅಳೆಯಲು ಗೇಜ್ ಇಲ್ಲ. ಹ್ಯಾಕ್ಸಾ ಬ್ಲೇಡ್ ತುರುಕಿ, ಅದು ಕೊಂಚ ಸಡಿಲವಾಗಿ ಆಡುವಷ್ಟು ಕೊಕ್ಕನ್ನು ಮೆಲ್ಲಗೆ ಎತ್ತಿದೆ. ಇಡೀ ದಿನದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಇದೊಂದೇ.

ಮೂರನ್ನೂ ಕೈಯಲ್ಲೇ ತಿರುಗಿಸಿ ಕೂರಿಸಿ, ಪಾನಾದಿಂದ ಬಿಗಿ ಮಾಡಿದ್ದೆ ಅಷ್ಟೇ, ಒಳಗಿನಿಂದ ಕೂಗು: "ನಳ ಬಂದಾವ!"

ನಾಲ್ಕು ದಿನಕ್ಕೊಮ್ಮೆ ನೀರು ಬರುವ ಓಣಿಯಲ್ಲಿ ಈ ಕೂಗಿನ ಮುಂದೆ ಕಾರು, ಸಂಸಾರ, ಸನ್ಯಾಸ ಯಾವುದೂ ನಿಲ್ಲುವುದಿಲ್ಲ. ಓಡಿದೆ. ಡ್ರಮ್ಮು, ಕೊಡ, ಬಕೆಟ್ಟು, ಕೊನೆಗೆ ಕುಕ್ಕರ್ ಕೂಡ ತುಂಬಿಸಿ ಒಂದು ಗಂಟೆಯ ನಂತರ ಬಂದರೆ, ಕಾಕಾ ಉಪಕಾರ ಮಾಡಿ ಮುಗಿಸಿದ್ದರು. ಪ್ಲಗ್ ವೈರುಗಳನ್ನು, ಮೂರೂ ಪ್ಲಗ್‌ಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಕಡೆಯಿಂದಲೂ ಕಿತ್ತು, ಧೂಳು ಒರೆಸಿ, ತೋರಣದ ಹಾಗೆ ಬಾನೆಟ್ ಮೇಲೆ ಹಾಕಿದ್ದರು. "ಎಷ್ಟು ಹೊಲಸಾಗಿದ್ವು ನೋಡ್ರಿ" ಅಂದರು.

ಯಾವ ವೈರು ಯಾವ ತೂತಿಗೆ? ವೈರಿನ ಉದ್ದ ನೋಡಿ ಪ್ಲಗ್ ಕಡೆಯದೇನೋ ತಿಳಿಯಿತು. ಡಿಸ್ಟ್ರಿಬ್ಯೂಟರ್ ಕಡೆ ಮೂರು ತೂತೂ ಒಂದೇ ತರ. ಪಿಯುಸಿ ಓದುವ ಮಗಳು ಬಾಗಿಲಲ್ಲಿ ಹಲ್ಲುಜ್ಜುತ್ತಲೇ, "ಮೂರು ಗುಣಿಸು ಎರಡು ಗುಣಿಸು ಒಂದು, ಆರು ರೀತಿ ಜೋಡಿಸಬಹುದು ಅಪ್ಪಾ" ಅಂದಳು. ಈ ಎಂಜಿನ್‌ನಲ್ಲಿ ಕಿಡಿ ಹಾರುವ ಸರದಿ 1-3-2 ಅನ್ನುವುದು ಗೊತ್ತಿತ್ತು. ಆದರೆ ಡಿಸ್ಟ್ರಿಬ್ಯೂಟರಿನಲ್ಲಿ ಒಂದನೇ ತೂತು ಯಾವುದು ಅನ್ನುವುದು ಯಾರಿಗೆ ಗೊತ್ತು? ಸುಮ್ನೆ ಒಂದೊಂದಾಗಿ ನೋಡುತ್ತಾ ಹೋದೆ. ಮೊದಲನೆಯದಕ್ಕೆ ಎಂಜಿನ್ ಗರಗರ ತಿರುಗಿತು, ಅಷ್ಟೇ. ಎರಡನೆಯದಕ್ಕೆ ಕಾರ್ಬುರೇಟರಿನಿಂದ ಢಮ್ ಅಂತ ಸದ್ದು ಬಂತು. ತುಳಸಿಗೆ ನೀರು ಹಾಕುತ್ತಿದ್ದ ಅತ್ತೆಯ ಕೈಯಿಂದ ತಂಬಿಗೆ ಬಿತ್ತು. ಕಾಕಾ ನಾಲ್ಕು ಹೆಜ್ಜೆ ಹಿಂದೆ ಸರಿದು ಅಲ್ಲಿಂದಲೇ ಸಲಹೆ ಮುಂದುವರಿಸಿದರು. ಐದನೆಯದಕ್ಕೆ ಕಾರು ಎದ್ದಿತು. ಓಣಿಯ ಹುಡುಗರು ಚಪ್ಪಾಳೆ ಹೊಡೆದರು. ನಾನೂ ಸ್ವಲ್ಪ ಬೀಗಿದೆ, ಸುಳ್ಳು ಯಾಕೆ.

ಸಂಜೆ ಒಂದು ಸುತ್ತು ಹೋದರೆ ಏರು ಬರುತ್ತಿದ್ದಂತೆ ಮತ್ತೆ ಅದೇ ಕೆಮ್ಮು.

ಮನೆಗೆ ಬಂದು, ಎಂಜಿನ್ ಆರಿಸದೆ ಬಾನೆಟ್ ಎತ್ತಿ ನಿಂತಿದ್ದೆವು. ಅಷ್ಟರಲ್ಲಿ ಕರೆಂಟ್ ಹೋಯಿತು. ಓಣಿಯೆಲ್ಲ ಕತ್ತಲೆ. ಆ ಕತ್ತಲಲ್ಲಿ ಮೂರನೇ ವೈರಿನ ಹೊಟ್ಟೆಯಿಂದ ಕಬ್ಬಿಣದ ಕಡೆಗೆ ಒಂದು ನೀಲಿ ಎಳೆ, ಟಿಕ್ ಟಿಕ್ ಅಂತ ಹಾರುತ್ತಿತ್ತು. ವೈರಿನ ರಬ್ಬರ್ ಬಿರಿದು, ಪ್ಲಗ್‌ಗೆ ಹೋಗಬೇಕಾದ ಕಿಡಿ ದಾರಿಯಲ್ಲೇ ಇಳಿದು ಹೋಗುತ್ತಿತ್ತು. ಪಾಪ, ಆ ಕಪ್ಪು ಪ್ಲಗ್ಗಿನದು ಏನೂ ತಪ್ಪಿರಲಿಲ್ಲ.

"ಮೂವತ್ತು ವರ್ಷದಾಗ ಇದನ್ನ ನೋಡಿದ್ದಿಲ್ಲ ನೋಡ್ರಿ" ಅಂತ ಕಾಕಾ ಮೈಮರೆತು ನೋಡುತ್ತಾ ನಿಂತರು.

ಕತ್ತಲಲ್ಲೇ ಬಾಗಿಲ ಕಡೆಯಿಂದ ಅತ್ತೆಯ ದನಿ ಬಂತು. "ಮುನಿರಾಬಾದಿಗೆ ರೈಲು ಎಷ್ಟಕ್ಕ ಐತಿ, ಕೇಳ್ರಿ."