ನಾಲ್ಕು ಗಂಟೆಯ ನೆರಳು

ನಮ್ಮ ಕಡೆ ಮರ ಅನ್ನುವ ಮಾತೇ ಕಡಿಮೆ. ಮೊಳಕಾಲೆತ್ತರದ ತುಳಸಿಯೂ ಗಿಡ, ಮಾಳಿಗೆ ಮೀರಿ ಬೆಳೆದ ಬೇವೂ ಗಿಡವೇ. ಅದಕ್ಕೇ 2014ರ ಜೂನ್‌ನಲ್ಲಿ ನಮ್ಮನೆಯವರು ನರ್ಸರಿಯಿಂದ ಕರಿ ಪ್ಲಾಸ್ಟಿಕ್ ಚೀಲದಲ್ಲಿ ಗೇಣುದ್ದದ ಸಸಿ ಹಿಡಿದುಕೊಂಡು ಬಂದು, "ಒಂದ್ ಗಿಡ ತಂದೀನಿ ನೋಡು" ಅಂದಾಗ ನಾನು ಹೆದರಲಿಲ್ಲ. ಹೆದರಬೇಕಿತ್ತು.

ಅದೇ ವರ್ಷ ನವೆಂಬರ್ 1ಕ್ಕೆ ಗುಲ್ಬರ್ಗ ಹೋಗಿ ಕಲಬುರಗಿ ಆಯಿತು. ಹೆಸರು ಬದಲಾಯಿತು, ಬಿಸಿಲು ಬದಲಾಗಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ನಮಗೆ ಮಾಮೂಲು. 44 ಆಯಿತಂತೆ ಅಂದರೂ "ಹೌದಾ" ಅಂತ ಕೂಲರ್‌ಗೆ ಇನ್ನೊಂದು ಕೊಡ ನೀರು ಸುರಿದು ಸುಮ್ಮನಾಗುತ್ತೇವೆ. ಬೆಂಗಳೂರಿನಲ್ಲಿರುವ ನನ್ನ ತಂಗಿ 34 ಆದರೆ ಫೋನ್ ಮಾಡಿ ಅಳುತ್ತಾಳೆ. ಅವಳು ಅಳುವಷ್ಟು ಹೊತ್ತೂ ನಾನು ಬೆವರು ಒರೆಸಿಕೊಳ್ಳುತ್ತಾ ಸಮಾಧಾನ ಮಾಡುತ್ತೇನೆ.

ಇಂಥ ಊರಲ್ಲಿ ಮನೆ ಮುಂದೆ ನೆರಳು ಬೇಡ ಅನ್ನುವವರು ಯಾರು? ಯಾವ ಗಿಡ ಅನ್ನುವುದಷ್ಟೇ ಪ್ರಶ್ನೆ. ಬೀದರಿನಲ್ಲಿರುವ ನಾದಿನಿ ಮನೆಯಲ್ಲಿ ಗಸಗಸೆ ಹಣ್ಣಿನ ಗಿಡ ಇತ್ತು. ಎರಡೇ ವರ್ಷಕ್ಕೆ ಕೊಡೆಯಂತೆ ಹರಡಿತು. ಹಣ್ಣು ತಿನ್ನಲು ರಾತ್ರಿ ತೊಗಲುಬಾವಲಿಗಳು ಬಂದವು. ತಿಂದು ಹೋಗಿದ್ದರೆ ಸರಿ, ಹೊಸದಾಗಿ ಸುಣ್ಣ ಬಳಿದ ಗೋಡೆಯ ಮೇಲೆ ಲೆಕ್ಕ ಬರೆದು ಹೋದವು. ಯಾದಗಿರಿಯ ಕಾಕಾ ಹಚ್ಚಿದ ಗುಲ್‌ಮೊಹರ್ ಮೇ ತಿಂಗಳಲ್ಲಿ ಕೆಂಪಗೆ ಹೂ ಬಿಟ್ಟು ಓಣಿಗೇ ಕಳೆ ತಂದಿತ್ತು. ಮುಂಗಾರು ಮುಂಚಿನ ಒಂದು ಬಿರುಗಾಳಿಗೆ ದಪ್ಪ ಟೊಂಗೆ ಮುರಿದು ಕಾಕಾನ ತಗಡಿನ ಶೆಡ್ ಮೇಲೇ ಬಿತ್ತು. ಬಾದಾಮಿ ಗಿಡ ಬೇಡ ಅಂದವಳು ನಾನು. ಅದರ ಒಂದೊಂದು ಎಲೆಯೂ ಊಟದ ತಟ್ಟೆಯಷ್ಟಿರುತ್ತದೆ, ಗಟಾರ ಕಟ್ಟಿಕೊಳ್ಳುತ್ತದೆ. "ಬೇವಾದ್ರ ಸಣ್ ಎಲಿ, ಕಸಾನೂ ಸಣ್ದು" ಅಂತ ಯಾರೋ ಅಂದರು. ಅಂದವರು ಯಾರು ಅಂತ ಈಗಲೂ ಹುಡುಕುತ್ತಿದ್ದೇನೆ.

ಗಿಡ ಹಚ್ಚಿದ್ದು ಗೇಟಿನ ಪಕ್ಕ, ಕಂಪೌಂಡಿಗೆ ತಾಗಿದಂತೆ. ನಮ್ಮದು ಪೂರ್ವಕ್ಕೆ ಮುಖ ಮಾಡಿದ 30×40 ಸೈಟಿನ ಮನೆ. ಖಾಲಿ ಜಾಗ ಅಂತ ಇರುವುದು ಮುಂದೆಯೇ. ಹಿಂದೆ, ಪಶ್ಚಿಮಕ್ಕೆ, ಮೂರಡಿ ಸಂದು. ಅಲ್ಲಿ ನೀರಿನ ಮೋಟರ್ ಮತ್ತು ಬಟ್ಟೆ ಒಗೆಯುವ ಕಲ್ಲು. ಮನೆ ಕಟ್ಟುವಾಗ ವಾಸ್ತು ಹೇಳುವವರನ್ನು ಕೇಳಿದೆವು. ದೇವರ ಮನೆ ಎಲ್ಲಿ, ಒಲೆ ಎಲ್ಲಿ, ಬಾಗಿಲು ಯಾವ ಕಡೆ, ಎಲ್ಲ ಕೇಳಿದೆವು. ಮಧ್ಯಾಹ್ನದ ಮೇಲೆ ಸೂರ್ಯ ಯಾವ ಕಡೆ ಇರುತ್ತಾನೆ ಅಂತ ಮಾತ್ರ ಯಾರೂ ಯಾರನ್ನೂ ಕೇಳಲಿಲ್ಲ.

ಏಳೆಂಟು ವರ್ಷಕ್ಕೆ ಗಿಡ ಮಾಳಿಗೆ ದಾಟಿತು. ನೆರಳೂ ಬಂತು. ಬೆಳಗ್ಗೆ ಎಂಟಕ್ಕೆ ಸರಿಯಾಗಿ ನಮ್ಮ ಮನೆ ಮೇಲೆ ಬರುತ್ತದೆ. ಆ ಹೊತ್ತಿನಲ್ಲಿ ನನಗೆ ಬೇಕಾಗಿರುವುದು ಬಿಸಿಲು. ಸಂಡಿಗೆ ಒಣಗಬೇಕು, ಮೆಣಸಿನಕಾಯಿ ಒಣಗಬೇಕು, ಒಗೆದ ಬಟ್ಟೆ ಒಣಗಬೇಕು. ಸಂಡಿಗೆ ಹಾಕಿದ ಚಾಪೆಯನ್ನು ನೆರಳು ಸರಿದಂತೆಲ್ಲ ಸರಿಸುತ್ತಾ ಹೋಗುತ್ತೇನೆ. ಕೆಂಡದಂಥ ಊರಲ್ಲಿ ಬಿಸಿಲು ಹುಡುಕಿಕೊಂಡು ಓಡಾಡುವ ಹೆಂಗಸು ನಾನೊಬ್ಬಳೇ ಇರಬೇಕು.

ನಡು ಮಧ್ಯಾಹ್ನಕ್ಕೆ ಅದು ಬುಡಕ್ಕೆ ಬಂದು ನಿಲ್ಲುತ್ತದೆ. ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಇದನ್ನು ಅಳೆದಳು. ಕಲಬುರಗಿ ಇರುವುದು 17 ಡಿಗ್ರಿ ಉತ್ತರ ಅಕ್ಷಾಂಶದ ಸ್ವಲ್ಪ ಆಚೆ. ವರ್ಷಕ್ಕೆ ಎರಡು ಸಲ ಸೂರ್ಯ ಇಲ್ಲಿ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನಂತೆ, ಮೇ ಎರಡನೇ ವಾರ ಒಮ್ಮೆ, ಆಗಸ್ಟ್ ಮೊದಲ ವಾರ ಒಮ್ಮೆ. ಆಗಸ್ಟಿನಲ್ಲಿ ಮೋಡ, ಕಾಣಲಿಲ್ಲ. ಮೇ ತಿಂಗಳಲ್ಲಿ ಅಂಗಳದಲ್ಲಿ ಕೋಲು ನೆಟ್ಟಳು. ಹನ್ನೆರಡೂಕಾಲಿಗೆ ಕೋಲಿನ ನೆರಳು ಮಾಯ. "ಅವ್ವಾ, ನೆರಳೇ ಇಲ್ಲ!" ಅಂತ ಕುಣಿದಳು. ಒಳಗೆ ರೊಟ್ಟಿ ಬಡಿಯುತ್ತಿದ್ದ ನನಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ.

ಅಸಲಿ ಮಜಾ ಇರುವುದು ನಾಲ್ಕು ಗಂಟೆಗೆ. ಮನೆಯ ಗೋಡೆಗಳು ಕಾದು ತವಾ ಆಗುವುದು ಆಗಲೇ. ಸೂರ್ಯ ಪಶ್ಚಿಮಕ್ಕೆ ಇಳಿದಿರುತ್ತಾನೆ, ನೆರಳು ಪೂರ್ವಕ್ಕೆ ಹೊರಟಿರುತ್ತದೆ. ನಮ್ಮ ಗಿಡ ಈಗ 30 ಅಡಿ. ಮೇ ತಿಂಗಳಲ್ಲಿ ನಾಲ್ಕಕ್ಕೆ ಅದರ ನೆರಳು 40 ಅಡಿ ಉದ್ದ, ಇದೂ ಮಗಳ ಲೆಕ್ಕವೇ. ಓಣಿಯ ರಸ್ತೆ 30 ಅಡಿ. ಉಳಿದ 10 ಅಡಿ ಎದುರಿನ ಮನೆಯ ಮಾಸ್ತರರ ಕಟ್ಟೆಯ ಮೇಲೆ, ಅಳತೆ ಕೊಟ್ಟು ಹೊಲಿಸಿದಂತೆ ಬಿದ್ದಿರುತ್ತದೆ. ಮಾಸ್ತರರು ರಿಟೈರ್ ಆದವರು. ಬನಿಯನ್ ಮೇಲೆ ಟವೆಲ್ ಹೊದ್ದುಕೊಂಡು ಪೇಪರ್ ಓದುತ್ತಾ ಕೂತಿರುತ್ತಾರೆ. ರಸ್ತೆಯ ಮೇಲಿನ ನೆರಳಿನಲ್ಲಿ ತರಕಾರಿ ಗಾಡಿ, ಒಂದು ಆಟೋ, ಅದರ ಕೆಳಗೆ ಎರಡು ನಾಯಿ. ನಾನು ನಮ್ಮ ಕಿಟಕಿಯಿಂದ, ಕೂಲರಿನ ಬಿಸಿಗಾಳಿ ಬೆನ್ನಿಗೆ ಹಾಯಿಸಿಕೊಂಡು, ಇದೆಲ್ಲ ನೋಡುತ್ತೇನೆ.

ನೆರಳು ಹೀಗೆ ಊರು ಸುತ್ತುತ್ತದೆ, ಎಲೆ ಮಾತ್ರ ಮನೆ ಬಿಟ್ಟು ಕದಲುವುದಿಲ್ಲ. ಶಿವರಾತ್ರಿ ಮುಗಿಯುವುದೇ ತಡ, ಶುರು. ಗಾಳಿ ಯಾವ ಕಡೆಯಿಂದ ಬೀಸಿದರೂ ಬೀಳುವುದು ನಮ್ಮ ಅಂಗಳಕ್ಕೇ. ಬೇವಿನ ಎಲೆಯನ್ನು ಹತ್ತಿರದಿಂದ ನೋಡಿದ್ದೀರಾ? ಕುಡುಗೋಲಿನ ಹಾಗೆ ಸ್ವಲ್ಪ ಬಾಗಿರುತ್ತದೆ, ಅಂಚಿಗೆ ಗರಗಸದ ಹಲ್ಲು. ಆ ಹಲ್ಲು ಹಿಡಿದುಕೊಂಡೇ ಅದು ಕಾಲೊರೆಸುವ ಚಾಪೆಯಲ್ಲಿ, ಕೂಲರಿನ ಹುಲ್ಲಿನಲ್ಲಿ, ಮಗಳ ಜಡೆಯಲ್ಲಿ ಕೂತುಬಿಡುತ್ತದೆ. ಬಾಗಿಲಿನಿಂದ ಗೇಟಿನವರೆಗೆ ಕಸ ಹೊಡೆದು, ಸೊಂಟ ನೆಟ್ಟಗೆ ಮಾಡಿ ತಿರುಗಿ ನೋಡಿದರೆ, ಬಾಗಿಲ ಹತ್ತಿರ ಹೊಸ ಎಲೆಗಳು. "ಎಷ್ಟ್ ಛಂದ ಅಲ್ವಾ, ಬಂಗಾರ ಚೆಲ್ಲಿದಂಗ" ಅಂತಾರೆ ನಮ್ಮನೆಯವರು, ಚಹಾ ಕುಡಿಯುತ್ತಾ. ಗಿಡ ಹಚ್ಚಿದ ಕೈಗೆ ಕಸಬರಿಗೆ ಹಿಡಿಯುವ ಅಭ್ಯಾಸ ಇಲ್ಲ.

ಯುಗಾದಿ ಹೊತ್ತಿಗೆ ಗಿಡ ಚಿಗುರಿ, ಹೂ ಬಿಟ್ಟು, ಒಳ್ಳೆಯದಾಗಿಬಿಡುತ್ತದೆ. ರಾತ್ರಿ ಮಾಳಿಗೆ ಮೇಲೆ ಮಲಗಿದರೆ ಆ ಹೂವಿನ ವಾಸನೆಗೆ ಸಿಟ್ಟೆಲ್ಲ ಇಳಿಯುತ್ತದೆ. ಹಬ್ಬದ ದಿನ ಬೆಳಗ್ಗೆ ಆರಕ್ಕೇ ಓಣಿಯ ಜನ ಗೇಟಿಗೆ ಬರುತ್ತಾರೆ. ನಮ್ಮ ಕಡೆ ಹಬ್ಬಕ್ಕೆ ಬೇವು ಅಂದರೆ ಕುಡಿಯುವ ಬೇವು. ಬೆಲ್ಲದ ನೀರು, ಮಾವಿನಕಾಯಿ, ಪುಟಾಣಿ, ಕೊಬ್ಬರಿ, ಮೇಲೆ ಬೇವಿನ ಹೂ. ಮನೆಮನೆಗೂ ನಮ್ಮ ಗಿಡದ ಹೂವೇ. ಆ ಒಂದು ದಿನ ನಾನು ಜಮೀನ್ದಾರಳ ಹಾಗೆ ನಿಂತು ಹಂಚುತ್ತೇನೆ. ಕಸಬರಿಗೆಯನ್ನು ಬಾಗಿಲ ಹಿಂದೆ ಬಚ್ಚಿಟ್ಟಿರುತ್ತೇನೆ.

ಅದಾದ ಮೇಲೆ ಕಾಗೆಯ ಸರದಿ. ಒಂದು ವರ್ಷ ಗೂಡು ಕಟ್ಟಿ, ಮರಿ ಮಾಡಿ, ಅಂಗಳವನ್ನೂ ವಶಕ್ಕೆ ತೆಗೆದುಕೊಂಡಿತು. ನನಗೆ ಏನೂ ಮಾಡುತ್ತಿರಲಿಲ್ಲ, ದಿನಾ ರೊಟ್ಟಿ ಚೂರು ಹಾಕುತ್ತೇನಲ್ಲ. ನಮ್ಮನೆಯವರು ಹೊರಗೆ ಕಾಲಿಟ್ಟರೆ ಸಾಕು, ಹಿಂದಿನಿಂದ ಬಂದು ಬೋಳು ನೆತ್ತಿಗೆ ಟಕ್ ಅಂತ ಒಂದು ಕೊಡುತ್ತಿತ್ತು. ಒಂದು ತಿಂಗಳು ಅವರು ಬಾಗಿಲಿನಿಂದ ಗೇಟಿನವರೆಗೆ ಹೆಲ್ಮೆಟ್ ಹಾಕಿಕೊಂಡು ನಡೆದರು. ಗೇಟು ದಾಟಿದ ಮೇಲೆ ತೆಗೆದು ಸ್ಕೂಟರಿಗೆ ಸಿಕ್ಕಿಸಿ ಹೊರಡುತ್ತಿದ್ದರು. ಪೊಲೀಸರಿಗಿಂತ ಕಾಗೆಯ ಹೆದರಿಕೆ ಜಾಸ್ತಿ.

ಜೂನ್, ಜುಲೈನಲ್ಲಿ ಹಣ್ಣು. ಹಳದಿ ಹಣ್ಣು ಶಹಾಬಾದ್ ಫರಸಿಯ ಮೇಲೆ ಬಿದ್ದು, ಮೇಲೆ ಜಿಟಿಜಿಟಿ ಮಳೆ ಬಿದ್ದು, ಜಾರುವುದಕ್ಕೆ ಎಲ್ಲ ತಯಾರಿ ಆಗಿರುತ್ತದೆ. ಹಾಲಿನವನು ಒಮ್ಮೆ ಬಿದ್ದ. ಕ್ಯಾನು ಉಳಿಯಿತು, ಹಾಲು ಉಳಿಯಲಿಲ್ಲ. ಆ ತಿಂಗಳು ಅವನು ಬಿಲ್ಲಿನಲ್ಲಿ ಹೆಚ್ಚಿಗೆ ಸೇರಿಸಿದ್ದನ್ನು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಬೇರು ಫರಸಿಯ ಎರಡು ಕಲ್ಲು ಎತ್ತಿಬಿಟ್ಟಿದೆ. ಅದರಲ್ಲಿ ಒಂದು, ಕಾಲಿಟ್ಟರೆ "ಕಟಕ್" ಅನ್ನುತ್ತದೆ. ಮೊದಲು ಕಿರಿಕಿರಿ ಆಗುತ್ತಿತ್ತು. ಈಗ ನಮಗೆ ಕಾಲಿಂಗ್ ಬೆಲ್ ಬೇಕಾಗಿಲ್ಲ. ರಾತ್ರಿ ಹನ್ನೊಂದರ ಮೇಲೆ ಮಗ ಎಷ್ಟೇ ಕಳ್ಳಹೆಜ್ಜೆ ಇಟ್ಟರೂ ಕಲ್ಲು ಅವನ ಹೆಸರು ಹೇಳುತ್ತದೆ.

ಮೂರು ವರ್ಷದ ಹಿಂದೆ ಕಂಪೌಂಡ್ ಬಿರಿಯಿತು. ಗೌಂಡಿಯನ್ನು ಕರೆಸಿದೆವು. ಬಿರುಕಿನಲ್ಲಿ ಕೈಬೆರಳು ಹಾಕಿ ನೋಡಿ, "ಇದು ಎರಿ ಮಣ್ಣರೀ ಅಕ್ಕಾರ. ಮಳಿಗಾಲದಾಗ ಉಬ್ಬತದ, ಬ್ಯಾಸಿಗ್ಯಾಗ ಕುಗ್ಗತದ. ಇದ್ದಬಿದ್ದ ನೀರು ಬೇರು ಕುಡಿತದ, ಮಣ್ಣು ಇನ್ನೂ ಕುಗ್ಗತದ. ಗೋಡಿ ಏನ್ ಮಾಡಬೇಕು?" ಅಂದ. ನಾವು ಗೋಡೆಯ ಕಡೆಯವರು ಅಂತ ಹೇಳುವಷ್ಟರಲ್ಲಿ, "ಗಿಡ ತೆಗಿತೀರೋ, ಗೋಡಿ ಸರಸ್ತೀರೋ?" ಅಂತ ಕೇಳಿದ. ಕೇಳಿದ್ದು ಊಟದ ಹೊತ್ತಿಗೆ, ಅದೇ ಗಿಡದ ಬುಡದಲ್ಲಿ ಟವೆಲ್ ಹಾಸಿ ಅಡ್ಡಾಗಿ. ಉತ್ತರ ಕೇಳುವ ಮೊದಲೇ ಗೊರಕೆ ಹೊಡೆದ. ಗೋಡೆ ಸರಿಸಿದೆವು. ಈಗ ಕಂಪೌಂಡ್ ಗಿಡದ ಹತ್ತಿರ ಬಸುರಿ ಹೊಟ್ಟೆಯ ಹಾಗೆ ಒಳಕ್ಕೆ ಉಬ್ಬಿದೆ. ಕಾರು ತಗೊಳ್ಳುವ ನಮ್ಮನೆಯವರ ಆಸೆಯ ಜಾಗ ಅದೇ ಆಗಿತ್ತು.

ಮಳೆಗಾಲದ ಮುಂಚೆ ಕರೆಂಟಿನವರು ಬರುತ್ತಾರೆ. ತಂತಿಗೆ ತಾಗುವ ಟೊಂಗೆ ಕಡಿಯಬೇಕು, ಅದು ಸರಿಯೇ. ಆದರೆ ಕಡಿಯುವುದು ರಸ್ತೆ ಕಡೆಯದನ್ನು ಮಾತ್ರ. ಅರ್ಧ ಕಟಿಂಗ್ ಮಾಡಿ ಕರೆಂಟ್ ಹೋಯಿತು ಅಂತ ಕುರ್ಚಿಯಿಂದ ಎಬ್ಬಿಸಿ ಕಳಿಸಿದ ಗಿರಾಕಿಯ ಹಾಗೆ ಗಿಡ ನಿಂತಿರುತ್ತದೆ. ಕಡಿದ ಟೊಂಗೆ ಯಾರು ಒಯ್ಯಬೇಕು ಅಂತ ಕೇಳಿದರೆ, ಗಿಡ ಯಾರದು ಅಂತ ತಿರುಗಿ ಕೇಳುತ್ತಾರೆ.

ಒಂದು ಮಾರ್ಚಿನಲ್ಲಿ ನನಗೆ ಸಾಕಾಗಿ, ಕಸಬರಿಗೆ ಎಸೆದು, "ನಾಳೆನೇ ಕಡಸ್ತೀನಿ" ಅಂದೆ. ಮಗಳು ಮೊಬೈಲಿನಿಂದ ತಲೆ ಎತ್ತದೆ, "ಹಂಗೆಲ್ಲ ಕಡಿಯಂಗಿಲ್ಲವ್ವಾ, 1976ರ ಕಾಯ್ದೆ ಅದ. ಪರವಾನಗಿ ಬೇಕು" ಅಂದಳು. ಹಚ್ಚುವಾಗ ಒಬ್ಬರೂ ಕೇಳಿರಲಿಲ್ಲ. ಬಾಡಿಗೆಯವರನ್ನು ಬಿಡಿಸುವುದಾದರೂ ಸುಲಭ ಅನ್ನಿಸಿತು. ಕಸಬರಿಗೆ ಎತ್ತಿಕೊಂಡೆ.

ಹೋದ ಮೇ ತಿಂಗಳಲ್ಲಿ ಒಂದು ದಿನ ಮೂರೂವರೆಗೆ ಕರೆಂಟ್ ಹೋಯಿತು. ಕೂಲರ್ ನಿಂತಿತು. ಒಳಗೆ ಕೂರಲಾಗಲಿಲ್ಲ. ನಮ್ಮ ಅಂಗಳದ ಫರಸಿ ಇನ್ನೂ ಕಾದು ಸುಡುತ್ತಿತ್ತು. ನಾನು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು, ಕಟಕ್ ಕಲ್ಲು ದಾಟಿ, ರಸ್ತೆ ದಾಟಿ, ಎದುರಿನ ಕಟ್ಟೆಗೆ ಹೋದೆ. ಮಾಸ್ತರರ ಹೆಂಡತಿ ಸೊಗಸಾಗಿ ನಕ್ಕರು.

"ಬರ್ರಿ ಬರ್ರಿ, ಎಷ್ಟ್ ಬಿಸಲಾಗ ಕುಂತಿದ್ರಿ ನೀವು! ನಮ್ಮ ನೆರಳಾಗ ಕುಂದರ್ರಿ."

ಕೂತೆ. ನಿಜಕ್ಕೂ ತಂಪಿತ್ತು. ಚಹಾ ಬಂತು, ಜೊತೆಗೆ ಮಿರ್ಚಿ ಭಜಿ. ಸಣ್ಣಗೆ ಗಾಳಿ ಬೀಸಿತು. ಎಲ್ಲಿತ್ತೋ ಏನೋ, ಒಂದೇ ಒಂದು ಎಲೆ ತಿರುಗುತ್ತಾ ತಿರುಗುತ್ತಾ ಬಂದು ಮಾಸ್ತರರ ಬಸಿಯೊಳಗೆ ಬಿತ್ತು. ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ, ನನ್ನ ಮುಂದೆ ಹಿಡಿದರು.

"ತಂಗಿ, ನಿಮ್ಮ ಗಿಡದ್ದು."